ಮರದ ಕೋರ್ಟಿನಲ್ಲಿ ಸೋತವರು

"ಸೋತೋರು ಗೆದ್ದೋರ ಮನೇಗೋಗಿ ಉಣ್ಬೇಕು. ಮಕ ತಿರುಗಿಸ್ಕೊಂಡು ಓಗಂಗಿಲ್ಲ. ಏನಂತೀಯಾ?" ಎಂದು ನಲ್ಲಪ್ಪ ತಂಗಿಯ ಮುಂದೆ ಅಂಗೈ ಚಾಚಿದ್ದು ಮರದ ಕೋರ್ಟಿನ ಜಗಲಿಯ ಮೇಲೆ. ಲಕ್ಷ್ಮಮ್ಮ ಚಿತ್ರಾನ್ನದ ಕೈಯನ್ನು ಸೆರಗಿಗೆ ಒರೆಸಿಕೊಂಡು ಅಣ್ಣನ ಅಂಗೈಗೆ ಫಟ್ಟೆಂದು ತಟ್ಟಿ, "ಆಗ್ಲಿ. ನಮ್ಮನೇಲಿ ಉಣ್ಣೋಕೆ ಈಗ್ಲೇ ಹೊಟ್ಟೆ ಖಾಲಿ ಮಾಡ್ಕೋ" ಎಂದಿದ್ದಳು. ಅವಳ ಮಗಳು ಕಾವ್ಯಾಗೆ ಆಗಿನ್ನೂ ಹಾಲುಹಲ್ಲು ಬೀಳುವ ವಯಸ್ಸು.

ಒಬ್ಬರ ಎದುರು ಒಬ್ಬರು ಕೇಸು ನಡೆಸುತ್ತಿದ್ದ ಅಣ್ಣ ತಂಗಿ ಅವರು. ತಂಗಿ ವಾದಿ, ಅಣ್ಣ ಪ್ರತಿವಾದಿ. ಅಪ್ಪ ತೀರಿಕೊಂಡ ಮೇಲೆ ತವರಿನ ಬಾವಿ ಯಾರಿಗೆ, ಬಾವಿಯ ಸುತ್ತಲಿನ ಹುಣಸೆ ತೋಪು ಯಾರಿಗೆ ಎಂಬುದು ವ್ಯಾಜ್ಯ. ಲಕ್ಷ್ಮಮ್ಮನನ್ನು ಕೊಟ್ಟದ್ದು ವೈಟ್‌ಫೀಲ್ಡ್ ಪಕ್ಕದ ಕಾಡುಗೋಡಿಗೆ. ತವರು ಬಂಗಾರಪೇಟೆಯಾಚೆಯ ಗಣಿ ಊರಿನ ಅಂಚಿಗೆ. ವಾಯಿದೆಯ ದಿನ ಬೆಳಗ್ಗೆ ಅವಳು ಇಬ್ಬರಿಗಾಗುವಷ್ಟು ಅಡುಗೆ ಕಟ್ಟಿಕೊಂಡು ರೈಲು ಹತ್ತುತ್ತಿದ್ದಳು. ನಲ್ಲಪ್ಪ ಸ್ಟೇಷನ್ನಿನ ಹೊರಗೆ ತನ್ನ ಮೊಪೆಡ್ಡಿನ ಮೇಲೆ ಕಾದಿರುತ್ತಿದ್ದ. ವಾದಿಯನ್ನು ಹಿಂದೆ ಕೂರಿಸಿಕೊಂಡು ಪ್ರತಿವಾದಿ ಕೋರ್ಟಿಗೆ ಬರುತ್ತಿದ್ದುದನ್ನು ಕಂಡು ಲಕ್ಷ್ಮಮ್ಮನ ವಕೀಲರು ತಲೆ ಚಚ್ಚಿಕೊಳ್ಳುತ್ತಿದ್ದರು. "ಏನ್ರಮ್ಮಾ, ಎದುರು ಪಾರ್ಟಿ ಗಾಡೀಲಿ ಬರ್ತೀರಲ್ಲ, ಕೇಸು ನಡೆಸ್ಲೋ ಬೇಡ್ವೋ?" ಎಂದರೆ ಅವಳು, "ಗಾಡಿಗೂ ಕೇಸಿಗೂ ಏನ್ ಸಾರ್ ಸಮ್ಮಂದ? ಬಿಸ್ಲಲ್ಲಿ ನಡ್ಕೊಂಡು ಬಂದ್ರೆ ಬಾವಿ ನನ್ನದಾಗ್ತದಾ?" ಎಂದು ಬಾಯಿ ಮುಚ್ಚಿಸುತ್ತಿದ್ದಳು. ಒಂದು ಸಲವಂತೂ ಅವಳು ಕಟಕಟೆಯಲ್ಲಿ ನಿಂತಿದ್ದಾಗ ನ್ಯಾಯಾಧೀಶರು ಪ್ರತಿವಾದಿ ಎಲ್ಲಿ ಎಂದು ಕೇಳಿದರು. ಅವಳೇ ಉತ್ತರ ಕೊಟ್ಟಳು: "ನಂಗೆ ಕಾಪಿ ತರಾಕೆ ಓಗವ್ನೆ ಸ್ವಾಮಿ. ಈಗ ಬತ್ತಾನೆ."

ಆ ಕೋರ್ಟನ್ನು ಕಂಡವರಿಗೆ ಅದು ಕೋರ್ಟೆಂದು ಅನ್ನಿಸುತ್ತಿರಲಿಲ್ಲ. ಗಣಿ ನಡೆಯುತ್ತಿದ್ದ ಕಾಲದಲ್ಲಿ ಸುರಂಗದೊಳಗೆ ಬಂಡೆ ಸಿಡಿದಾಗಲೆಲ್ಲ ಮೇಲಿನ ನೆಲ ಕುಲುಕುತ್ತಿತ್ತಂತೆ, ಕಲ್ಲುಗಾರೆಯ ಗೋಡೆಗಳು ಬಿರಿಯುತ್ತಿದ್ದವಂತೆ. ಅದಕ್ಕೇ ಬಿಳಿ ದೊರೆಗಳು ಸುರಂಗಕ್ಕೆ ಆಸರೆ ಕಟ್ಟುತ್ತಿದ್ದ ಬಡಗಿಗಳನ್ನೇ ಮೇಲಕ್ಕೆ ಕರೆಸಿ, ಮೊಳಕಾಲೆತ್ತರದ ಗುಜ್ಜುಗಂಬಗಳ ಮೇಲೆ ಇಡೀ ಕೋರ್ಟನ್ನು ಮರದಲ್ಲೇ ಎತ್ತಿಸಿದ್ದರು. ಗೋಡೆ ಹಲಗೆ, ನೆಲ ಹಲಗೆ, ಮಾಡಿನ ಕೆಳಗೂ ಹಲಗೆ. ಭೂಮಿ ಕುಲುಕಿದರೆ ಕೋರ್ಟು ಕಾವು ಕೂತ ಕೋಳಿಯ ಹಾಗೆ ಒಮ್ಮೆ ಮೈ ಕೊಡವಿ ಮತ್ತೆ ಕೂತುಕೊಳ್ಳುತ್ತಿತ್ತು. ಗಣಿ ಮುಚ್ಚಿತು, ಕುಲುಕುವುದು ನಿಂತಿತು, ಕೋರ್ಟು ಮಾತ್ರ ನಡೆದೇ ಇತ್ತು. ಅದಕ್ಕಿದ್ದ ರೋಗ ಒಂದೇ, ಸದ್ದು. ಹಲಗೆಯಡಿ ಪೊಳ್ಳು, ಒಬ್ಬರು ನಡೆದರೆ ಡೋಲು ಬಾರಿಸಿದಂತೆ. "ಚಪ್ಪಲಿ ಹೊರಗೆ, ಚಪ್ಪಲಿ ಹೊರಗೆ" ಎಂದು ದಫೇದಾರ ಬಾಗಿಲಲ್ಲಿ ನಿಂತು ಕೂಗುತ್ತಿದ್ದ. ಬರಿಗಾಲಿಗೂ ಆ ನೆಲ ಗುಡುಗುತ್ತಿತ್ತು.

ಎಲ್ಲ ಕೆಡಿಸಿದ್ದು ಆ ಗುಡುಗೇ. ತೀರ್ಪಿನ ದಿನ ನ್ಯಾಯಾಧೀಶರು ಕನ್ನಡಕ ಏರಿಸಿ ಮೆಲುದನಿಯಲ್ಲಿ ಓದತೊಡಗಿದರು. ಸರಿಯಾಗಿ ಆಗಲೇ ಮುಂದಿನ ಕೇಸಿನವರು ಒಳಗೆ ನುಗ್ಗಿದರು. ಯಾವುದೋ ಬೀದಿಜಗಳ, ಇಡೀ ಬೀದಿಯೇ ಸಾಕ್ಷಿಗೆ ಬಂದಿತ್ತು. ಧಡಧಡ, ಧಡಧಡ. ಲಕ್ಷ್ಮಮ್ಮನಿಗೆ ನ್ಯಾಯಾಧೀಶರ ತುಟಿ ಅಲುಗಿದ್ದು ಕಂಡಿತು, ಒಂದಕ್ಷರ ಕೇಳಲಿಲ್ಲ. ಎದುರು ಬೆಂಚಿನಲ್ಲಿದ್ದ ನಲ್ಲಪ್ಪನೂ ಕಿವಿಗೆ ಕೈ ಆನಿಸಿಕೊಂಡು ಕೂತಿದ್ದ. ಅವಳ ವಕೀಲರು ಅವಳನ್ನು ಎಡಗಡೆಯ ಮೆಟ್ಟಿಲಿಂದ ಇಳಿಸಿಕೊಂಡು ಹೋಗಿ, "ಗೆದ್ವಮ್ಮ! ತೋಪು ನಿಮ್ದೇ!" ಎಂದರು. ಅವನ ವಕೀಲರು ಅವನನ್ನು ಬಲಗಡೆಯ ಮೆಟ್ಟಿಲಿಂದ ಇಳಿಸಿಕೊಂಡು ಹೋದರು. ಲಕ್ಷ್ಮಮ್ಮ ಬೇವಿನ ಮರದಡಿ ನಿಂತು, ಅಣ್ಣ ಸೋತ ಮುಖ ಹೊತ್ತು ಬರುತ್ತಾನೆ, ಹೆಚ್ಚು ರೇಗಿಸಬಾರದು, ಮೊದಲು ಕಾಫಿ ಕುಡಿಸಬೇಕು ಎಂದು ಕಾದಳು. ಅಣ್ಣ ಬರಲಿಲ್ಲ. ರೈಲಿನ ಹೊತ್ತಾಯಿತು. ನಡೆದುಕೊಂಡೇ ಸ್ಟೇಷನ್ನಿಗೆ ಹೋದಳು.

ಅಂದಿನಿಂದ ಅವಳು ಕಾಯುತ್ತಲೇ ಇದ್ದಳು. ಮೊದಮೊದಲು ಭಾನುವಾರಗಳಲ್ಲಿ ಒಂದು ಪಾವು ಅಕ್ಕಿ ಹೆಚ್ಚಿಗೆ ಹಾಕುತ್ತಿದ್ದಳು. ಆಮೇಲೆ ಸಿಟ್ಟು ಬಂತು. ಸೋತ ಮಾತ್ರಕ್ಕೆ ಕೈ ತಟ್ಟಿ ಆಡಿದ ಮಾತು ತಪ್ಪುವವನು ಅಣ್ಣನೇ? ಕೇಸಿದ್ದಷ್ಟು ಕಾಲ ತಿಂಗಳಿಗೊಮ್ಮೆ ಮುಖ ನೋಡುತ್ತಿದ್ದವರಿಗೆ ಕೇಸು ಮುಗಿದ ಮೇಲೆ ಮುಖ ನೋಡಲು ನೆಪವೇ ಇಲ್ಲದಾಯಿತು. ವರ್ಷಗಳು ಉರುಳಿದವು. ಕಾಡುಗೋಡಿಯ ರಾಗಿ ಹೊಲಗಳಲ್ಲಿ ಮನೆ ಎದ್ದವು, ಮನೆಗಳ ಮೇಲೆ ಮನೆ ಎದ್ದವು, ಅವುಗಳ ತಲೆಯ ಮೇಲೆ ಮೆಟ್ರೋ ಬಂತು. ಲಕ್ಷ್ಮಮ್ಮನ ಗಂಡ ಶ್ಯಾಮಣ್ಣನೂ ಎರಡು ಅಂತಸ್ತು ಏರಿಸಿ ಬಾಡಿಗೆಗೆ ಬಿಟ್ಟ. ಕಾವ್ಯಾ ಓದಿ, ಬೆಳ್ಳಂದೂರಿನ ಕಂಪನಿಯೊಂದರಲ್ಲಿ ಕೆಲಸ ಹಿಡಿದು, ತಾನೇ ಒಪ್ಪಿದ ಹುಡುಗನ ಜೊತೆ ಮದುವೆಗೂ ನಿಂತಳು.

ಅಲ್ಲಿಗೆ ಸಿಕ್ಕಿಕೊಂಡಿತು.

ಅವರ ಕಡೆ ಹೆಣ್ಣನ್ನು ಹಸೆಗೆ ಎತ್ತಿಕೊಂಡು ತರಬೇಕಾದವನು ಸೋದರಮಾವ. ಮೊದಲ ಲಗ್ನಪತ್ರಿಕೆ ಕೊಡಬೇಕಾದದ್ದೂ ಅವನ ಮನೆಗೇ, ಅದೂ ಹೆಣ್ಣಿನ ತಾಯಿ ಖುದ್ದಾಗಿ ಅರಿಶಿನ ಕುಂಕುಮ ಹಿಡಿದು ಹೋಗಿ. ತವರಿಗೆ ಶುಭಕಾರ್ಯದ ಕರೆ ಒಯ್ದು ಉಣ್ಣದೆ ಬಂದರೆ ಕೆಡುಕು. ಉಂಡರೆ, ತಾನು ಸೋತೆನೆಂದು ಒಪ್ಪಿದ ಹಾಗೆ. ಲಕ್ಷ್ಮಮ್ಮನಿಗೆ ಹಗಲೆಲ್ಲ ಇದೇ ಗುಂಗು.

"ನಿಮ್ಮಣ್ಣ ಬರ್ದಿದ್ರೆ ಮದ್ವೆ ನಿಲ್ತದಾ?" ಎಂದ ಶ್ಯಾಮಣ್ಣ. "ನಮ್ ಚಿಕ್ಕಪ್ಪನ ಮಗ ಅವ್ನಲ್ಲ, ಜಿಮ್ಮಿಗೋಗ್ತಾನೆ. ಅವ್ನು ಎತ್ತಾನೆ ಬಿಡು."

"ಸೋದರಮಾವ ಅಂದ್ರೆ ಮೂಟೆ ಎತ್ತೋನು ಅಂತ ತಿಳ್ಕೊಂಡ್ರಾ?"

"ಅಮ್ಮಾ, ನಾನೇ ನಡ್ಕೊಂಡು ಬರ್ತೀನಿ ಕಣಮ್ಮ" ಎಂದಳು ಕಾವ್ಯಾ, ಫೋನಿನಿಂದ ಕಣ್ಣೆತ್ತದೆ. "ನಾನೀಗ ಎಷ್ಟು ತೂಕ ಗೊತ್ತಾ? ಮಾವನ ಸೊಂಟ ಮುರಿದ್ರೆ ಅದಕ್ಕೂ ಒಂದು ಕೇಸು ಆಗತ್ತೆ."

ಮೇಲಿನ ಮನೆಗೆ ಸ್ಫೂರ್ತಿ ಬಾಡಿಗೆಗೆ ಬಂದು ಕೆಲವು ತಿಂಗಳಾಗಿತ್ತು. ವಿಜಯಪುರದ ಕಡೆಯ ಹುಡುಗಿ. ಹಳೇ ಕಟ್ಟಡಗಳನ್ನು ರಿಪೇರಿ ಮಾಡಿಸುವ ಆಫೀಸೊಂದು ಮಾರತ್ತಹಳ್ಳಿಯಲ್ಲಿತ್ತು, ಅದರಲ್ಲಿ ಕೆಲಸ. ಒಂದು ಸಂಜೆ ಲಕ್ಷ್ಮಮ್ಮ ಟೆರೇಸಿನಲ್ಲಿ ಒಣಬಟ್ಟೆ ಎತ್ತುತ್ತಿದ್ದಾಗ ಆ ಹುಡುಗಿ ಕಟ್ಟೆಯ ಮೇಲೆ ಕೂತು ಫೋನಿನಲ್ಲಿ ಫೋಟೋ ನೋಡುತ್ತಿದ್ದಳು. ಲಕ್ಷ್ಮಮ್ಮ ಸುಮ್ಮನೆ ಇಣುಕಿದವಳು, ಕೈಯಲ್ಲಿದ್ದ ಬಟ್ಟೆಯ ಗುಡ್ಡೆಯನ್ನು ಅಲ್ಲೇ ಬಿಟ್ಟು, "ಅಯ್ಯೋ! ಇದು ನಮ್ ಕೋರ್ಟು!" ಎಂದು ಕೂಗಿದಳು.

"ನಿಮ್ಮ ಕೋರ್ಟೇನ್ರಿ ಆಂಟಿ?" ಸ್ಫೂರ್ತಿ ನಕ್ಕಳು. "ಕೋರ್ಟ್ ಹೊಸ ಕಟ್ಟಡಕ್ಕ ಹೋಗಿ ಭಾಳ ದಿನ ಆತ್ರಿ. ಇದನ್ನ ಮ್ಯೂಸಿಯಂ ಮಾಡಾಕತ್ತಾರ. ನಾವು ಹಲಗಿ ರಿಪೇರಿ ಮಾಡಾಕತ್ತೀವಿ. ಇದರಾಗ ಕೇಸ್ ನಡೆಸಿದೋರು ಸಿಕ್ರ ಅವರ ಮಾತು ರೆಕಾರ್ಡ್ ಮಾಡ್ಕೋಬೇಕಾಗೇದ್ರಿ. ನೀವು ಬರ್ತೀರೇನು?"

ಲಕ್ಷ್ಮಮ್ಮನ ತಲೆಯೊಳಗೆ ಏನೋ ಒಂದು ಥಟ್ಟನೆ ಹೊಂದಿ ಕೂತಿತು. ಕೋರ್ಟು ಅಣ್ಣನ ಮನೆಯಲ್ಲ. ಅಲ್ಲಿಗೆ ಹೋದರೆ ಯಾರೂ ಸೋತ ಹಾಗಲ್ಲ. ಪತ್ರಿಕೆಯನ್ನು ಅಲ್ಲೇ ಅವನ ಕೈಗಿಟ್ಟರೆ ಉಣ್ಣುವ ಮಾತೇ ಬರುವುದಿಲ್ಲ.

"ಬತ್ತೀನಿ ಕಣವ್ವ. ಆದ್ರೆ ನಮ್ಮಣ್ಣನೂ ಅದೇ ಕೋರ್ಟಲ್ಲಿ ಕೇಸು ನಡೆಸ್ದೋನು. ಅವ್ನಿಗೂ ಪೋನ್ ಮಾಡು. ನಾನ್ ಏಳ್ದೆ ಅನ್ಬೇಡ."

ಲಕ್ಷ್ಮಮ್ಮ ಹೇಳಿದ ನಂಬರಿಗೆ ಸ್ಫೂರ್ತಿ ಅಲ್ಲೇ ನಿಂತು ಫೋನ್ ಮಾಡಿದಳು. ಮುಗಿದ ಮೇಲೆ ಲಕ್ಷ್ಮಮ್ಮ ಬಟ್ಟೆ ಮಡಿಸುವವಳಂತೆ, "ಏನಂದ?" ಎಂದಳು.

"ಬರ್ತಾರಂತ್ರಿ. ಊಟ ಇರ್ತದೇನು ಅಂತ ಕೇಳಿದ್ರು."

ಹೋಗುವ ದಿನ ಲಕ್ಷ್ಮಮ್ಮ ಎದ್ದು ಚಿತ್ರಾನ್ನ ಕಲಸಿ ಡಬ್ಬಿಗೆ ತುಂಬಿ, ಲಗ್ನಪತ್ರಿಕೆ, ಅರಿಶಿನ ಕುಂಕುಮ, ಹೂವು, ಹಣ್ಣು ಚೀಲಕ್ಕೆ ಹಾಕಿಕೊಂಡಳು. ವೈಟ್‌ಫೀಲ್ಡ್ ಸ್ಟೇಷನ್ನಿನಲ್ಲಿ ಗಣಿ ಊರ ಕಡೆಯಿಂದ ಬಂದ ರೈಲಿನಿಂದ ಜನ ಜೇನುಹುಳದ ಹಾಗೆ ಇಳಿಯುತ್ತಿದ್ದರು. ಕಾರ್ಖಾನೆಗೆ ಹೋಗುವವರು, ಆಫೀಸುಗಳ ಸೆಕ್ಯೂರಿಟಿಯವರು, ಕೊರಳಲ್ಲಿ ಕಾರ್ಡು ತೂಗಿಸಿಕೊಂಡ ಹುಡುಗಿಯರು. ಆ ಕಡೆ ಹೋಗುವ ರೈಲು ಖಾಲಿ. ಅವಳೂ ಸ್ಫೂರ್ತಿಯೂ ಕಿಟಕಿ ಪಕ್ಕ ಕಾಲು ಚಾಚಿ ಕೂತರು. ಲಕ್ಷ್ಮಮ್ಮ ದಾರಿಯುದ್ದಕ್ಕೂ ತಾನು ಹೇಗೆ ಗೆದ್ದೆ ಎಂಬುದನ್ನು ಹೇಳಿದಳು. ಸ್ಫೂರ್ತಿ ಟೇಕಲ್ ಹೊತ್ತಿಗೆ ಒಂದು ನಿದ್ದೆ ತೆಗೆದಳು.

ಕೋರ್ಟಿನ ಸುತ್ತ ಬೊಂಬು ಕಟ್ಟಿದ್ದರು. ಒಂದು ಕಡೆಯ ಗೋಡೆಯ ಹಲಗೆ ಕಿತ್ತು ಅಂಗಳದಲ್ಲಿ ಒಟ್ಟಿದ್ದರು. ಆದರೆ ಅದೇ ಜಗಲಿ, ಎಡಕ್ಕೂ ಬಲಕ್ಕೂ ಅದೇ ಮೆಟ್ಟಿಲು. ಲಕ್ಷ್ಮಮ್ಮ ಯಾರೂ ಹೇಳದೆಯೇ ಚಪ್ಪಲಿ ಬಿಟ್ಟಳು. ಬಾಗಿಲು ದಾಟಿ ಮೊದಲ ಹೆಜ್ಜೆ ಇಟ್ಟದ್ದೇ ನೆಲ ಧಡ್ ಎಂದಿತು. ಒಳಗೆ ಬೆಂಚಿನ ಮೇಲೆ, ಹೆಗಲಿಗೆ ಟವೆಲ್ ಹಾಕಿಕೊಂಡು, ತಲೆ ಪೂರ್ತಿ ಬೆಳ್ಳಗಾದ ನಲ್ಲಪ್ಪ ಕೂತಿದ್ದ. ಕೂತಿದ್ದು ಪ್ರತಿವಾದಿಯ ಬೆಂಚಿನಲ್ಲೇ.

ಅಣ್ಣನನ್ನು ಕಂಡರೆ ಅಳು ಬರುತ್ತದೇನೋ ಎಂದುಕೊಂಡಿದ್ದಳು. ಅಷ್ಟರಲ್ಲಿ ಅವನೇ ಬಾಯಿ ತೆಗೆದ.

"ಅಂತೂ ಬಂದ್ಯಾ? ಸೋತೋಳು ಇಷ್ಟ್ ವರ್ಸಕ್ಕಾದ್ರೂ ಬಂದ್ಯಲ್ಲ, ಬಿಡು."

ಅಳು ಎಲ್ಲಿಗೋ ಓಡಿತು. "ಯಾರು ಸೋತೋರು? ಕೈ ತಟ್ಟಿ ಮಾತು ಕೊಟ್ಟು ಊಟುಕ್ಕೆ ಬರ್ದೆ ತಪ್ಪಿಸ್ಕೊಂಡೋನು ನೀನು! ನಾನು ಭಾನುವಾರ ಭಾನುವಾರ ಅನ್ನ ಮಾಡಿ ಇಟ್ಕೊಂಡು ಕಾದಿದ್ದೀನಿ!"

"ನಾನ್ಯಾಕೆ ಬರ್ಲಿ? ಗೆದ್ದೋನು ನಾನು. ನಿಮ್ಮತ್ತಿಗೆ ನೀನು ಬತ್ತೀಯ ಅಂತ ಕೋಳಿ ಸಾಕಿದ್ಲು. ಆ ಕೋಳಿ ವಯಸ್ಸಾಗಿ ಸತ್ತೋಯ್ತು ಕಣೇ."

"ತೋಪು ನಂದಾಯ್ತು! ನಮ್ ಲಾಯ್ರು ಏಳಿದ್ರು!"

"ಬಾವಿ ನಂದಾಯ್ತು! ನಮ್ ಲಾಯ್ರೂ ಏಳಿದ್ರು!"

ಹೊರಗೆ ಯಾರೋ ಹಲಗೆಗೆ ಉಜ್ಜುಗಾಗದ ಹಾಕಿ ತಿಕ್ಕುವ ಸದ್ದು ಕೇಳುತ್ತಿತ್ತು.

ಫೋನು ಚಾಚಿ ರೆಕಾರ್ಡ್ ಮಾಡುತ್ತಿದ್ದ ಸ್ಫೂರ್ತಿ ಮೆಲ್ಲಗೆ ಕೇಳಿದಳು: "ಹಂಗಾರ ಬಾವಿ ಇವರಿಗೆ, ತೋಪು ನಿಮಗ. ಅಷ್ಟೇ ಹೌದಲ್ರಿ?"

"ಅಷ್ಟೇ ಅಲ್ಲ ತಾಯಿ" ಎಂದ ನಲ್ಲಪ್ಪ, ದನಿ ಸ್ವಲ್ಪ ಇಳಿಸಿ. "ಬಾವಿಗೆ ಓಗೋ ದಾರಿ ಅವಳ ತೋಪಿನೊಳಗಿಂದ."

"ತೋಪಿಗೆ ನೀರು ಅವನ ಬಾವಿಯಿಂದ" ಎಂದಳು ಲಕ್ಷ್ಮಮ್ಮ.

"ಹಂಗಾರ ಈಗ ಬಾವಿ ಯಾರು ಬಳಸ್ತಾರ್ರಿ?"

"ಯಾರೂ ಇಲ್ಲ. ಸೋತೋಳು ಬಂದು ಉಣ್ಣೋವರ್ಗೂ ಅವಳ ಜಾಗ ತುಳಿಬಾರ್ದು ಅಂತ ನಾನು ಬೋರ್ ಹಾಕಿಸ್ಕೊಂಡೆ."

"ಹುಣಸೆಹಣ್ಣು?" ಲಕ್ಷ್ಮಮ್ಮ ಕೇಳಿದಳು.

"ನಿಂದು ನಾನ್ಯಾಕೆ ಮುಟ್ಲಿ? ಉದುರ್ತದೆ, ಮಣ್ಣಾಗ್ತದೆ. ನಿಮ್ಮತ್ತಿಗೆ ಸಂತೇಲಿ ಕೊಂಡ್ಕೊಂಡ್ ಬತ್ತಾಳೆ."

ಲಕ್ಷ್ಮಮ್ಮನಿಗೆ ಕಾಡುಗೋಡಿಯ ಅಂಗಡಿಯಿಂದ ಪೊಟ್ಟಣ ಪೊಟ್ಟಣ ಹುಣಸೆಹಣ್ಣು ಹೊತ್ತು ತಂದದ್ದು ನೆನಪಾಯಿತು. ಪ್ರತಿ ಸಲ ಅದರ ಬೀಜ ಆರಿಸುವಾಗಲೂ ಅಣ್ಣನಿಗೆ ಬೈದಿದ್ದಳು, ನನ್ನ ತೋಪಿನ ಹಣ್ಣು ತಿಂದು ಕೊಬ್ಬುತ್ತಿದ್ದಾನೆ ಎಂದು. ಈಗ ಅವನನ್ನು ನೋಡಿದರೆ ಕೊಬ್ಬಿದ ಲಕ್ಷಣವೇನೂ ಇರಲಿಲ್ಲ. ಕುತ್ತಿಗೆ ಬಾಡಿತ್ತು. ಅಂಗಿಯ ಮೇಲಿನ ಗುಂಡಿ ಬಿದ್ದುಹೋಗಿತ್ತು.

"ತಾಯೀ, ನೀನೇ ಏಳು" ಎಂದು ನಲ್ಲಪ್ಪ ಸ್ಫೂರ್ತಿಯ ಕಡೆ ತಿರುಗಿದ. "ಓದಿದೋಳು ನೀನು. ಗೆದ್ದೋರು ಯಾರು?"

"ಅಯ್ಯ, ನನ್ನ ಯಾಕ್ರಿ ಎಳೀತೀರಿ! ನಾ ಹಲಗಿ ನೋಡಾಕ ಬಂದಾಕಿ."

ಲಕ್ಷ್ಮಮ್ಮ ಎದ್ದಳು. ಮೂಲೆಗೆ ಸರಿಸಿಟ್ಟಿದ್ದ ಕಟಕಟೆ ಧೂಳು ಹಿಡಿದು ನಿಂತಿತ್ತು. ಅದರೊಳಗೆ ಹೋಗಿ, ಹಳೇ ಅಭ್ಯಾಸದಂತೆ ಸೆರಗನ್ನು ಹೆಗಲ ಮೇಲೆ ಎಳೆದುಕೊಂಡು, ಸರಳು ಹಿಡಿದು ನಿಂತಳು. ಮನಸ್ಸಿನಲ್ಲಿ ಲೆಕ್ಕ ಹಾಕಲು ಏನೂ ಉಳಿದಿರಲಿಲ್ಲ. ಗೆದ್ದೆ ಎಂದು ಇಷ್ಟು ವರ್ಷ ಹಿಡಿದುಕೊಂಡದ್ದರಿಂದ ಅವಳಿಗೆ ದಕ್ಕಿದ್ದು ಅಂಗಡಿಯ ಹುಣಸೆಹಣ್ಣು ಮಾತ್ರ. ಮಗಳ ಹಸೆಯ ಮುಂದೆ ಅಣ್ಣನ ಜಾಗ ಖಾಲಿ ಬಿಟ್ಟು ಗೆದ್ದವಳಾಗಿ ಉಳಿಯುವುದು ಅವಳಿಗೆ ಬೇಕಿರಲಿಲ್ಲ.

"ನಾನು ಸೋತೆ" ಎಂದಳು.

ನಲ್ಲಪ್ಪ ಧಡಬಡನೆ ಎದ್ದ, ನೆಲ ಗುಡುಗಿತು. "ಏಯ್, ಕಟಕಟೇಲಿ ನಿಂತ್ಕೊಂಡು ಸುಳ್ಳು ಏಳ್ತೀಯಾ? ತೋಪು ನಿಂದಲ್ವಾ? ತೋಪು ದೊಡ್ಡದಾ, ಬಾವಿ ದೊಡ್ಡದಾ? ಸೋತೋನು ನಾನು. ನಾನೇ ನಿಮ್ಮನೇಗೆ ಬತ್ತೀನಿ."

"ಈಗ್ತಾನೆ ಗೆದ್ದೆ ಅಂದ್ಯಲ್ಲ!"

"ಈಗ ಸೋತೆ. ಬದಲಾಯಿಸ್ಕೊಂಡೆ."

"ಅದೆಂಗೆ ಬದಲಾಯಿಸ್ತೀಯ? ನಾನು ವಾದಿ. ಮೊದ್ಲು ಏಳಾದು ವಾದಿ. ಮೊದ್ಲು ಸೋತೋಳು ನಾನು. ನೀನು ಬಾಯ್ ಮುಚ್ಕೊಂಡು ಗೆದ್ಕೊಂಡು ಕೂತ್ಕೋ!"

ಸ್ಫೂರ್ತಿಗೆ ನಗು ತಡೆಯಲಾಗಲಿಲ್ಲ. ಗೋಡೆಯಾಚೆ ಮರ ತಿಕ್ಕುತ್ತಿದ್ದ ಕೆಲಸಗಾರರು ಕೈ ನಿಲ್ಲಿಸಿ, ಹಲಗೆ ಕಿತ್ತ ಜಾಗದಿಂದ ತಲೆ ತೂರಿಸಿ ನೋಡಿದರು. ಒಬ್ಬ ತಮಿಳಿನಲ್ಲಿ ಏನೋ ಕೇಳಿದ್ದಕ್ಕೆ ಇನ್ನೊಬ್ಬ, "ಕೇಸು ಇನ್ನೂ ಮುಗಿಲಿಲ್ಲ ಪಾ" ಎಂದ.

ಲಕ್ಷ್ಮಮ್ಮ ಕಟಕಟೆಯಲ್ಲಿ ನಿಂತೇ ಚೀಲದೊಳಗೆ ಕೈ ಹಾಕಿ ಲಗ್ನಪತ್ರಿಕೆ ಹೊರತೆಗೆದಳು. ಅರ್ಧ ಹೊರಗೆ ಬಂದದ್ದನ್ನು ಮತ್ತೆ ಒಳಗೆ ತಳ್ಳಿದಳು. "ಇದು ಇಲ್ಲಿ ಕೊಡೋದಲ್ಲ. ಮನೇಲಿ ಕೊಡ್ತೀನಿ, ಅತ್ತಿಗೆ ಕೈಗೆ. ಕಾವ್ಯಂಗೆ ಮದ್ವೆ. ಸೋತೋಳು ಕೇಳ್ತಾವ್ಳೆ, ಗೆದ್ದೋನು ಇಲ್ಲ ಅನ್ನಂಗಿಲ್ಲ. ನೀನು ಬಂದು ಅವಳನ್ನ ಹಸೆಗೆ ತರ್ಬೇಕು."

ನಲ್ಲಪ್ಪ ಟವೆಲ್ಲಿನಿಂದ ಮುಖ ಒರೆಸಿದ, ಆಮೇಲೆ ಕತ್ತು ಒರೆಸಿದ, ಆಮೇಲೆ ಮತ್ತೆ ಮುಖ ಒರೆಸಿದ.

"ಹುಡುಗಿ ದಪ್ಪಗವ್ಳಾ?"

"ಅವಳೇ ಏಳ್ತಾಳೆ ತೂಕ ಜಾಸ್ತಿ ಅಂತ."

"ನನ್ ಮಂಡಿ ಓಗ್ಬಿಟ್ಟದೆ ಕಣೇ ಲಕ್ಷ್ಮಿ."

"ಎತ್ತಕ್ಕಾಗ್ದಿದ್ರೆ ಕೈ ಇಡ್ಕೊಂಡ್ ಬಾ. ಯಾರ್ ಕೇಳ್ತಾರೆ?"

"ಕೈ ಇಡ್ಕೊಂಡಾ? ಜನ ನಗಲ್ವಾ? ಎತ್ತೇ ಎತ್ತೀನಿ. ನಾಕ್ ಎಜ್ಜೆ ತಾನೆ" ಎಂದವನು, ಚೀಲದ ಕಡೆ ಕಣ್ಣು ಹೊರಳಿಸಿ, "ಆ ಡಬ್ಬಿಲೇನದೆ?" ಎಂದ.

"ಚಿತ್ರಾನ್ನ. ಮುಟ್ಬೇಡ. ಇವತ್ತು ನಾನು ಉಣ್ಣೋದು, ನೀನು ಬಡಿಸೋದು." ಅವಳು ಡಬ್ಬಿಯನ್ನು ಸ್ಫೂರ್ತಿಯ ಮಡಿಲಿಗಿಟ್ಟಳು. "ನೀನು ಉಣ್ಣವ್ವ. ಆ ಗೋಡೆಯೋರ್ಗೂ ಕೊಡು. ರೈಲಿನ ಹೊತ್ತಿಗೆ ಬತ್ತೀನಿ."

ಇಬ್ಬರೂ ಒಂದೇ ಕಡೆಯ ಮೆಟ್ಟಿಲಿಂದ ಇಳಿದರು. ನಲ್ಲಪ್ಪನ ಮೊಪೆಡ್ಡು ಹೋಗಿ ಈಗ ಸ್ಕೂಟರ್ ಬಂದಿತ್ತು. ಹಿಂದೆ ಕೂತ ಲಕ್ಷ್ಮಮ್ಮ ಗಣಿಯ ಕಸಮಣ್ಣಿನ ಬೂದುಗುಡ್ಡಗಳು ಪಕ್ಕಕ್ಕೆ ಸರಿಯುವುದನ್ನು ನೋಡಿದಳು. ಗಾಳಿಗೆ ಮಾತು ಹಾರಿಹೋಗುತ್ತಿದ್ದರೂ ಅಣ್ಣ ಊರಿನವರ ಸುದ್ದಿಯನ್ನೆಲ್ಲ ಹಿಂದಕ್ಕೆ ತಿರುಗಿ ಕೂಗಿ ಹೇಳುತ್ತಿದ್ದ. "ಮುಂದೆ ನೋಡ್ಕೊಂಡು ಓಡ್ಸು" ಎಂದು ಅವಳು ಬೆನ್ನಿಗೆ ಗುದ್ದಿದಳು.

ಅತ್ತಿಗೆ ಕಮಲಮ್ಮ ಬಾಗಿಲಲ್ಲಿ ಮೊರ ಹಿಡಿದು ನಿಂತವಳು, ನಾದಿನಿಯನ್ನು ಕಂಡು ಮೊರವನ್ನು ನೆಲಕ್ಕೆ ಹಾಕಿದಳು. "ಅಂತೂ ಸೋತ್ಯಾ ತಾಯಿ? ನೀನ್ ಸೋಲೋದು ಕಾಯ್ಕೊಂಡು ನನ್ ಕೂದ್ಲೆಲ್ಲ ಬೆಳ್ಳಗಾಯ್ತಲ್ಲೇ!"

"ಸೋತೆ ಕಣತ್ತಿಗೆ. ನಿನ್ ಗಂಡನೂ ಸೋಲ್ತೀನಿ ಅಂತ ಅಟ ಮಾಡ್ದ, ನಾನ್ ಬಿಡ್ಲಿಲ್ಲ."

"ಅವ್ನಿಗೆ ಯಾವತ್ತು ಸರಿಯಾಗಿ ಸೋಲಾಕೆ ಬಂತು?" ಎಂದು ಕಮಲಮ್ಮ ಅವಳ ಕೈ ಹಿಡಿದು ಒಳಗೆ ಎಳೆದುಕೊಂಡಳು.

ಬರುವ ಸುದ್ದಿ ಮೊದಲೇ ತಿಳಿಸಿರಲಿಲ್ಲವಾದ್ದರಿಂದ ಕೋಳಿ ಇರಲಿಲ್ಲ, ಪಾಯಸವೂ ಇರಲಿಲ್ಲ. ರಾಗಿ ಮುದ್ದೆ, ಅವರೆಕಾಳಿನ ಸಾರು, ಒಂದು ಈರುಳ್ಳಿ. ಲಕ್ಷ್ಮಮ್ಮ ದೇವರ ಮುಂದೆ ಪತ್ರಿಕೆಯಿಟ್ಟು, ಅತ್ತಿಗೆಯ ಹಣೆಗೆ ಕುಂಕುಮ ಹಚ್ಚಿ, ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಳು. ನಲ್ಲಪ್ಪನೇ ಬಡಿಸಿದ. ಸಾರಿಗೆ ಹುಳಿ ಸಾಲದು ಎಂದು ಅವಳು ಹೇಳಿದಳು. ನಿನ್ನ ತೋಪಿನದು ಆರಿಸಿಕೊಂಡು ಬಾ, ಹಾಕುತ್ತೇನೆ ಎಂದಳು ಕಮಲಮ್ಮ. ಮುದ್ದೆ ಮುರಿದು ಸಾರಿಗೆ ಅದ್ದಿ ನುಂಗುವಾಗ ಲಕ್ಷ್ಮಮ್ಮನಿಗೆ ಸೋತದ್ದು ಎಲ್ಲಿಯೂ ಚುಚ್ಚಲಿಲ್ಲ, ಹಸಿವಾಗಿತ್ತು, ಅಷ್ಟೇ. ಇನ್ನೊಂದು ಅರ್ಧ ಮುದ್ದೆ ಹಾಕಿಸಿಕೊಂಡಳು.

ಸೋತವರು ಗೆದ್ದವರ ಮನೆಗೆ ಹೋಗಿ ಉಣ್ಣಬೇಕೆಂದು ಮರದ ಕೋರ್ಟಿನ ಜಗಲಿಯಲ್ಲಿ ಕೊಟ್ಟಿದ್ದ ಮಾತನ್ನು ಲಕ್ಷ್ಮಮ್ಮ ಅಂದು ಉಳಿಸಿಕೊಂಡಳು.